ಜೇಬಿಗೆ ಹೋದ ಚೀಟಿಗಳು

ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ನಾಳೆ ನಾನು ಮೊದಲ ಸಲ ಸಭೆಯಲ್ಲಿ ಮಾತಾಡಬೇಕು. ಮಾತಿನದೇನೂ ಭಯವಿಲ್ಲ, ಬಾಯಿಪಾಠ ಮಾಡಿಕೊಂಡಿದ್ದೇನೆ. ಆಮೇಲೆ ಜನ ಪ್ರಶ್ನೆ ಕೇಳುತ್ತಾರಲ್ಲ, ಅದೇ ಭಯ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡು, ಉತ್ತರ ಗೊತ್ತಿರುವುದನ್ನಷ್ಟೇ ಓದಿದರೆ ತಪ್ಪೇ? ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ.”

ಗುರು ಹೇಳಿದರು:

ಜೇನು ಸಾಕುವುದರಲ್ಲಿ ಪಳಗಿದವನೊಬ್ಬನಿದ್ದ. ಊರೂರಿಗೆ ಹೋಗಿ ಜೇನಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಜೊತೆಗೆ ಹೆಂಡತಿಯೂ ಹೋಗುತ್ತಿದ್ದಳು. ಅವನು ಮಾತಾಡುವಾಗ ಆಕೆ ಬುಟ್ಟಿ ಹಿಡಿದು ಸಭೆಯಲ್ಲಿ ಓಡಾಡಿ ಪ್ರಶ್ನೆಗಳ ಚೀಟಿ ಕೂಡಿಸುತ್ತಿದ್ದಳು.

ಅವನು ಒಂದೊಂದೇ ಚೀಟಿ ಬಿಡಿಸಿ ನೋಡುತ್ತಿದ್ದ. ಗೊತ್ತಿರುವುದಾದರೆ ಗಟ್ಟಿಯಾಗಿ ಓದುತ್ತಿದ್ದ. ಗೊತ್ತಿಲ್ಲದ್ದು ಮೆಲ್ಲಗೆ ಜೇಬು ಸೇರುತ್ತಿತ್ತು. ಕೊನೆಗೆ, “ಪ್ರಶ್ನೆಗಳು ಇನ್ನೂ ಇವೆ, ಸಮಯವಿಲ್ಲ” ಎಂದು ಕೈ ಮುಗಿಯುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಬಂದ ಮೇಲೆ ಜೇಬಿನ ಚೀಟಿಗಳು ಬಚ್ಚಲೊಲೆಗೆ ಹೋಗುತ್ತಿದ್ದವು. ಆ ಮನೆಯಲ್ಲಿ ಬಿಸಿನೀರಿಗೆ ಕೊರತೆಯಿರಲಿಲ್ಲ.

ಒಂದು ದಿನ ಒಲೆ ಹೊತ್ತಿಸಲು ಕುಳಿತ ಹೆಂಡತಿ ಒಂದು ಚೀಟಿಯನ್ನು ಓದಿದಳು. ‘ನಾನು ಹಿಟ್ಟಿನ ಗಿರಣಿಯವ. ಮೂರು ಸಲ ಪೆಟ್ಟಿಗೆಗೆ ಜೇನು ಕೂರಿಸಿದೆ, ಮೂರು ಸಲವೂ ಬಿಟ್ಟು ಹೋದವು. ತಾವು ಮಾತಾಡಿದ ಹಿಂದಿನ ಎರಡು ಊರುಗಳಿಗೂ ಬಂದು ಇದನ್ನೇ ಬರೆದುಕೊಟ್ಟಿದ್ದೆ. ಅಕ್ಷರ ಸಣ್ಣದಾಗಿದ್ದು ತಮಗೆ ಕಾಣಿಸಲಿಲ್ಲವೇನೋ ಎಂದು ಈ ಸಲ ದೊಡ್ಡದಾಗಿ ಬರೆದಿದ್ದೇನೆ.’

ಆಕೆ ಆ ಚೀಟಿಯನ್ನು ಒಲೆಗೆ ಹಾಕಲಿಲ್ಲ.

ಮುಂದಿನ ಉಪನ್ಯಾಸ ಆ ಗಿರಣಿಯವನ ಊರಿನಲ್ಲೇ ಆಯಿತು. ಮಾತು ಮುಗಿಯಿತು. ಹೆಂಡತಿ ಬುಟ್ಟಿ ತಂದು ಮುಂದಿಟ್ಟಳು. ಅದರಲ್ಲಿ ಗಿರಣಿಯವನ ಆ ಒಂದೇ ಚೀಟಿ ಇತ್ತು.

“ಉಳಿದವು ಎಲ್ಲೇ?” ಎಂದು ಅವನು ಮೆಲ್ಲಗೆ ಕೇಳಿದ.

“ನನ್ನ ಸೆರಗಿನಲ್ಲಿವೆ. ಇದಕ್ಕೆ ಹೇಳಿ, ಆಮೇಲೆ ಕೊಡುತ್ತೇನೆ.”

ಅವನು ಚೀಟಿ ಬಿಡಿಸಿ ನೋಡಿದ. ಇಡೀ ಸಭೆ ಅವನ ಕೈಯನ್ನೇ ನೋಡುತ್ತಿತ್ತು. ಜೇಬಿಗೆ ಹಾಕುವ ಹಾಗಿರಲಿಲ್ಲ. ಗಟ್ಟಿಯಾಗಿ ಓದಿದ. ಓದಿ ಮುಗಿಸಿ, “ಅವು ಯಾಕೆ ಹೋಗುತ್ತವೋ ನನಗೆ ಗೊತ್ತಿಲ್ಲ” ಎಂದ.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು.

“ಅವರಿಗೆ ಹೇಗಪ್ಪಾ ಗೊತ್ತಾಗಬೇಕು? ಲೋ ಗಿರಣಿಯವನೇ, ನಿನ್ನ ಪೆಟ್ಟಿಗೆ ಗಿರಣಿ ಗೋಡೆಗೇ ಒರಗಿದೆಯಲ್ಲೋ. ಬೆಳಗಾದರೆ ಆ ಗೋಡೆ ಗಡಗಡ ನಡುಗುತ್ತೆ. ರಾಗಿ ಬೀಸಿಸೋಕೆ ಬಂದ ನಾನೇ ಅಲ್ಲಿ ನಿಲ್ಲಲಾರೆ, ಹುಳ ಸಂಸಾರ ಮಾಡ್ತಾವಾ?”

“ನನಗೆ ಅದು ನಡುಗುವುದು ಗೊತ್ತೇ ಆಗುವುದಿಲ್ಲವಲ್ಲಜ್ಜಿ” ಎಂದ ಗಿರಣಿಯವ.

“ನಿನಗೆ ನಾವು ಕೂಗಿದ್ದೇ ಕೇಳಿಸಲ್ಲ” ಎಂದಳು ಮುದುಕಿ.

ಸಭೆ ಬಿದ್ದು ಬಿದ್ದು ನಕ್ಕಿತು. ಉಪನ್ಯಾಸಕನೂ ನಕ್ಕ. ನಕ್ಕ ಮೇಲೆ ಅವನಿಗೆ ಹಗುರವಾಯಿತು. ವೇದಿಕೆ ಇಳಿದು ಜನರ ನಡುವೆ ಬಂದು ಕುಳಿತ. ಹೆಂಡತಿ ಸೆರಗು ಬಿಚ್ಚಿ ಉಳಿದ ಚೀಟಿಗಳನ್ನು ಅವನ ಮುಂದೆ ಸುರಿದಳು. ಗೊತ್ತಿದ್ದುದಕ್ಕೆ ತಾನು ಹೇಳಿದ. ಗೊತ್ತಿಲ್ಲದ್ದನ್ನು ಸಭೆಗೇ ಕೇಳಿದ. ಬರೆಯಲು ಬಾರದವರೂ ಆ ದಿನ ಬಾಯಿ ಬಿಟ್ಟು ಕೇಳಿದರು. ಕೆಲವಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಅದಕ್ಕೂ ಒಂದಿಷ್ಟು ಹೊತ್ತು ಜಗಳವಾಡಿದರು. ಒಂದು ಗಂಟೆಯ ಸಭೆ ಸಂಜೆಯವರೆಗೆ ನಡೆಯಿತು.

ಗಿರಣಿಯವ ಪೆಟ್ಟಿಗೆಯನ್ನು ಹುಣಸೆ ಮರದ ಕೆಳಗಿಟ್ಟು ಹೊಸದಾಗಿ ಜೇನು ಕೂರಿಸಿದ. ಈ ಸಲ ಅವು ನಿಂತವು. ಎರಡು ತಿಂಗಳಾದ ಮೇಲೆ ಆ ಊರಿನವರು ಉಪನ್ಯಾಸಕನನ್ನು ಮತ್ತೆ ಕರೆದರು.

ಇಷ್ಟು ಹೇಳಿ ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಗುರುಗಳೇ, ಅಷ್ಟು ಜನರೆದುರು ಗೊತ್ತಿಲ್ಲ ಅಂದವನನ್ನು ಮತ್ತೆ ಯಾಕೆ ಕರೆದರು?”

ಗುರು ಹೇಳಿದರು: “ಓದಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದಾಗ ಯಾವ ಊರಿನವರೂ ಅವನನ್ನು ಎರಡನೇ ಸಲ ಕರೆದಿರಲಿಲ್ಲ, ಮಗೂ.”