ಖಾಲಿ ಗರಿಗಳು

ಗ್ರಂಥಾಲಯದ ಅಟ್ಟದಿಂದ ಇಳಿಸಿ ತಂದ ಓಲೆಗರಿ ಕಟ್ಟು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿ ಬೇಡಿಕೊಂಡಿತು: "ಸ್ವಾಮಿ, ಆನೆಯ ಚಿತ್ರ ಬರೆಯುವ ಕ್ರಮವನ್ನೆಲ್ಲ ನನ್ನ ಮೈಮೇಲೆ ಕಬ್ಬಿಣದ ಮೊನೆಯಿಂದ ಕೊರೆದಿದ್ದಾರೆ. ಮಸಿ ಸವರಿ ಒರೆಸಿದರೆ ಮಾತ್ರ ಆ ಗೀರುಗಳು ಕಪ್ಪಾಗಿ ಕಣ್ಣಿಗೆ ಬೀಳುತ್ತವೆ. ಮೊದಲು ಮಸಿ ಹಚ್ಚಿಸಿ."

"ಮಸಿಯೇ? ನನ್ನ ಗಾಜಿನ ಗತಿಯೇನು?" ಎಂದು ಸ್ಕ್ಯಾನರು ಸಿಡುಕಿತು. "ನನಗೆ ಕಾಣದ್ದು ಲೋಕದಲ್ಲೇ ಇಲ್ಲ. ತೆಪ್ಪಗೆ ಮಲಗು."

ಬೆಳಕು ಒಮ್ಮೆ ಹರಿದುಹೋಯಿತು, ಅಷ್ಟೇ. ಡಿಜಿಟಲ್ ಸಂಗ್ರಹದಲ್ಲಿ ಓಲೆಗೆ 'ಖಾಲಿ ಗರಿಗಳು' ಎಂದು ಹೆಸರಿಟ್ಟರು. ಕಟ್ಟನ್ನು ಪಕ್ಕದ ಕಪಾಟಿಗೆ ತುರುಕಿದರು.

ಕೆಲವು ಕಾಲದ ಮೇಲೆ ಚಿತ್ರಗಾರ್ತಿಯೊಬ್ಬಳು ಬಂದು, ಅದೇ ಕಪಾಟಿಗೆ ಬೆನ್ನು ಮಾಡಿ ಕೂತು, ಕಂಪ್ಯೂಟರಿನಲ್ಲಿ 'ಆನೆ ಬರೆಯುವ ಕ್ರಮ' ಎಂದು ಹುಡುಕಿದಳು. ಓಲೆಗೆ ಜೀವ ಬಂದಂತಾಯಿತು. ಆದರೆ ಅವಳಿಗೆ ಏನೂ ಸಿಗಲಿಲ್ಲ. "ನಮ್ಮ ಹಿರಿಯರು ಇದನ್ನೆಲ್ಲ ಎಲ್ಲಿ ಬರೆದಿಟ್ಟಾರು!" ಎಂದು ಗೊಣಗಿ ಎದ್ದುಹೋದಳು.

"ಅಮ್ಮಾ, ನಿನ್ನ ಬೆನ್ನ ಹಿಂದೆಯೇ ಇದ್ದೇನೆ!" ಎಂದು ಓಲೆ ಕೂಗಿಕೊಂಡಿತು.

"ಸುಮ್ಮನಿರು," ಎಂದಿತು ಸ್ಕ್ಯಾನರು. "ಹುಡುಕಿದರೂ ಸಿಗಲಿಲ್ಲ ಅಂದಮೇಲೆ ನೀನು ಇಲ್ಲ."

ಆ ವರ್ಷ ಕಪಾಟಿಗೆ ಗೆದ್ದಲು ಹತ್ತಿತು. ಗರಿಯನ್ನು ಕಚ್ಚುತ್ತ ಕಚ್ಚುತ್ತ ಗೆದ್ದಲು ತಡೆದು ನಿಂತಿತು. "ಏನಿದು, ಬಾಯಿಗೆ ಗೀರು ಸಿಗುತ್ತಿದೆಯಲ್ಲ? ಇಲ್ಲಿ ಬಾಗಿ, ಇಲ್ಲಿ ಸುರುಳಿ ಸುತ್ತಿ... ಸೊಂಡಿಲೇ?"

"ಹೌದಪ್ಪ, ಸೊಂಡಿಲೇ," ಎಂದಿತು ಓಲೆ. "ಮುಂದಿನ ಗರಿಯಲ್ಲಿ ಕಿವಿ ಇದೆ. ನಿಧಾನವಾಗಿ ತಿನ್ನು. ಈ ಗ್ರಂಥಾಲಯದಲ್ಲಿ ನನ್ನನ್ನು ಓದಿದವನು ನೀನೊಬ್ಬನೇ."