ತೆಳು ಪೆಟ್ಟಿಗೆಯ ಸದ್ದು

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಅವರ ಶಿಷ್ಯ ಇಂದುಧರ.

ಆಶ್ರಮ ಸೇರುವ ಮೊದಲು ಇಂದುಧರ ಹನ್ನೆರಡು ವರ್ಷ ಕಂಪ್ಯೂಟರ್ ಜೋಡಿಸಿದವನು. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದಿದ್ದ. ಆ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆಯನ್ನು ಮಾತ್ರ ಬಿಟ್ಟು ಬಂದಿರಲಿಲ್ಲ.

ಒಂದು ದಿನ ಭಕ್ತರೊಬ್ಬರು ಆಶ್ರಮದ ಪಡಸಾಲೆಗೆ ದೊಡ್ಡ ಟಿವಿ ಕಳಿಸಿದರು. ಜೊತೆಗೆ ಕಂಪ್ಯೂಟರಿನ ಬಿಡಿಭಾಗ ಕೂರಿಸುವ ಖಾಲಿ ಪೆಟ್ಟಿಗೆ. ಎರಡು ಪುಸ್ತಕ ಒಂದರ ಮೇಲೊಂದು ಇಟ್ಟಷ್ಟೇ ದಪ್ಪ. ಟಿವಿಯ ಕೆಳಗಿನ ಗೂಡಿಗೆ ಸರಿಯಾದ ಅಳತೆ. ಆಶ್ರಮದಲ್ಲಿ ಹಿಂದೆ ನಡೆದ ಹಾಡಿನ ಕೂಟಗಳ, ಹಳೆಯ ಟೇಪಿನಿಂದ ಇಳಿಸಿದ ಹನ್ನೊಂದು ವಿಡಿಯೊಗಳನ್ನೂ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದರು.

"ಜೋಡಿಸು," ಅಂದರು ಗುರುಗಳು. "ಫಕೀರವ್ವ ತನ್ನ ತಂಗಿ ಹಾಡೋದನ್ನ ಕೇಳಬೇಕು."

ಫಕೀರವ್ವ ನಾಟಕ ಕಂಪನಿಯಲ್ಲಿ ಹಾಡಿದವಳು. ಈಗ ಎಂಬತ್ತು ದಾಟಿ, ಆಶ್ರಮದಲ್ಲೇ ಇದ್ದಳು. ಕಣ್ಣು ಮಂಜಾಗಿತ್ತು, ಕಿವಿ ಅರ್ಧ ಹೋಗಿತ್ತು. ತಂಗಿ ಕಸ್ತೂರಿ ತೀರಿಕೊಂಡು ಇಪ್ಪತ್ತೆರಡು ವರ್ಷ. ಕಸ್ತೂರಿ ಕೊನೆಯ ಸಲ ಹಾಡಿದ್ದು ಆ ವಿಡಿಯೊಗಳಲ್ಲೊಂದರಲ್ಲಿತ್ತು.

"ಎಂಥಾದ್ದು ಮಾಡಲಿ, ಗುರುಗಳೇ?"

"ಅಕಿಗೆ ಕೇಳುವಂಥಾದ್ದು."

ಇಂದುಧರ ತಮ್ಮನ ಅಂಗಡಿಗೆ ಹೋಗಿ ಇದ್ದದ್ದರಲ್ಲೇ ಜೋರಾದ ಪ್ರೊಸೆಸರ್ ತಂದ. ಗ್ರಾಫಿಕ್ಸ್ ಕಾರ್ಡ್ ತಂದ. ಎರಡು ಹಾರ್ಡ್ ಡಿಸ್ಕ್ ತಂದ. ಒಳಗಿನ ಬಿಸಿ ಆರಿಸಲು ದೊಡ್ಡ ಫ್ಯಾನು ಇಟ್ಟರೆ ಮುಚ್ಚಳ ಕೂರಲಿಲ್ಲ. ಅದನ್ನು ತೆಗೆದು ಮೂರು ಸಣ್ಣ ಫ್ಯಾನು ತುರುಕಿದ. ವೈರುಗಳನ್ನು ಬೆರಳಿನಿಂದ ಒತ್ತಿ, ಮುಚ್ಚಳದ ಮೇಲೆ ಮೊಣಕಾಲು ಊರಿ, ಸ್ಕ್ರೂ ಬಿಗಿದ.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಫಕೀರವ್ವನಿಗೆ ಟಿವಿಯ ಹತ್ತಿರವೇ ಕುರ್ಚಿ ಹಾಕಿದರು.

ಚಿತ್ರ ಮೂಡಿತು. ಕಸ್ತೂರಿ ಹಾರ್ಮೋನಿಯಂ ಮುಂದೆ ಕೂತಿದ್ದಳು. ಜನ "ಆಹಾ" ಅಂದರು. ಇಂದುಧರ ಗೋಡೆಗೆ ಒರಗಿ ಕೈಕಟ್ಟಿ ನಿಂತ.

ಅಷ್ಟರಲ್ಲಿ ಪೆಟ್ಟಿಗೆ ಕಾಯತೊಡಗಿತು. ಮೂರು ಫ್ಯಾನೂ ಒಟ್ಟಿಗೆ ಕಿರುಚಿದವು. ಹಾಡುವ ಮೊದಲು ಕಸ್ತೂರಿ ಮೈಕಿನಿಂದ ಮುಖ ಸರಿಸಿ, ಎದುರಿನವರಿಗೆ ಮೆಲ್ಲಗೆ ಏನೋ ಹೇಳಿದಳು.

"ಏನಂದಳು ಅಕಿ?" ಫಕೀರವ್ವ ಮುಂದೆ ಬಾಗಿದಳು. "ಯಾರರ ಹೇಳ್ರಿ, ಏನಂದಳು?"

ಯಾರಿಗೂ ಕೇಳಿರಲಿಲ್ಲ. ಇಂದುಧರ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ದನಿ ಏರಿಸಿದ. ಹಳೆಯ ಟೇಪಿನ ಸೊಂಯ್ ಸದ್ದೂ ಏರಿತು, ಫ್ಯಾನಿನ ಕಿರುಚಾಟ ಇದ್ದೇ ಇತ್ತು. ಮೂರನೇ ಸಲಕ್ಕೆ ಪೆಟ್ಟಿಗೆ ಕಾದು ತಾನಾಗಿಯೇ ಬಂದ್ ಆಯಿತು.

ಫಕೀರವ್ವ ಕೋಲು ಹುಡುಕಿಕೊಂಡು ಎದ್ದು ಹೋದಳು.

"ಗುರುಗಳೇ, ತಪ್ಪು ನನ್ನದಲ್ಲ," ಅಂದ ಇಂದುಧರ. "ಒಳಗಿರೋದೆಲ್ಲಾ ಒಳ್ಳೇ ಸಾಮಾನು. ಪೆಟ್ಟಿಗೀನ ತೆಳ್ಳಗಾತು."

"ನಾಳೆ ಅದನ್ನ ಮುಟ್ಟಬ್ಯಾಡ," ಅಂದರು ಗುರುಗಳು. "ಫಕೀರವ್ವನ ಹತ್ತಿರ ಕೂಡ್ರು."

"ಕೂತು ಏನು ಮಾಡಲಿ?"

ಗುರುಗಳು ಆಗಲೇ ಹೊರಟಿದ್ದರು.

ಮರುದಿನ ಇಂದುಧರ ಅವಳ ಪಕ್ಕ ಕೂತ. ಬೆಳಿಗ್ಗೆಯೆಲ್ಲ ಅವಳು ಮಾತಾಡಲಿಲ್ಲ. ಅವನ ಬೆರಳುಗಳು ಸ್ಕ್ರೂ ತಿರುಗಿಸಿದಂತೆ ಸುಮ್ಮನೆ ಆಡುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ಅವಳೇ ಬಾಯಿ ತೆರೆದಳು.

"ಕಂಪನಿಯವರು ನನ್ನ ಪಾರ್ಟು ತೆಗೆದು ಕಸ್ತೂರಿಗೆ ಕೊಟ್ಟರು. ಎಲ್ಲಾರ ಮುಂದ ಅಂದೆ ನಾನು, ನಿನ್ನ ದನಿಯೊಳಗ ನನ್ನ ಎಂಜಲ ಐತಿ ಅಂತ."

ಇಂದುಧರನ ಬೆರಳುಗಳು ನಿಂತವು.

"ಆಮೇಲೆ ಅಕಿ ಇಲ್ಲಿ ಹಾಡಾಕ ಬಂದಳು. ಬಾ ಅಂತ ಹೇಳಿ ಕಳಿಸಿದ್ದಳು. ನಾನು ಬರಲಿಲ್ಲ. ತಿಂಗಳೊಳಗ ಹೋಗಿಬಿಟ್ಟಳು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಿನ್ನೆ ಏನೋ ಅಂದಳಲ್ಲ. ಬೈದಳೋ ಏನೋ. ಬೈದಿದ್ದರೂ ಕೇಳಬೇಕಪ್ಪಾ ನನಗ."

ಮಾರನೆಯ ಬೆಳಿಗ್ಗೆ ಇಂದುಧರ ಪೆಟ್ಟಿಗೆಯ ಮುಂದೆ ಕೂತ. ಆಮೇಲೆ ಮುಚ್ಚಳ ತೆಗೆದ.

ಗ್ರಾಫಿಕ್ಸ್ ಕಾರ್ಡ್ ಕೈಯಲ್ಲಿ ಹಿಡಿದು ನೋಡಿದ. ಇದು ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ. ಇಲ್ಲಿ ಆಡುವವರು ಯಾರೂ ಇರಲಿಲ್ಲ. ಪಕ್ಕಕ್ಕಿಟ್ಟ. ಎರಡು ಹಾರ್ಡ್ ಡಿಸ್ಕ್ ಸಾವಿರ ಸಿನಿಮಾ ಇಡುವವರಿಗೆ. ಅವನ್ನೂ ಪಕ್ಕಕ್ಕಿಟ್ಟು, ತಿರುಗದ, ಸದ್ದಿಲ್ಲದ ಸಣ್ಣ ಡ್ರೈವ್ ಕೂರಿಸಿದ. ಜೋರಾದ ಪ್ರೊಸೆಸರ್ ತೆಗೆಯುವಾಗ ಕೈ ಒಂದು ಗಳಿಗೆ ತಡೆಯಿತು. ಅದು ಯಾರಿಗೆಂದು ಅವನಿಗೆ ಗೊತ್ತಿತ್ತು. ಅದು ತನಗೆ.

ಅದರ ಜಾಗಕ್ಕೆ ಕಡಿಮೆ ಬಿಸಿಯಾಗುವ, ಸಾದಾ ಒಂದನ್ನು ತಮ್ಮನಿಂದ ತರಿಸಿ ಹಾಕಿದ. ಸಣ್ಣ ಫ್ಯಾನುಗಳನ್ನು ಕಿತ್ತು, ಅಗಲವಾದ, ತೆಳ್ಳಗಿನ, ನಿಧಾನ ತಿರುಗುವ ಒಂದೇ ಫ್ಯಾನು ಇಟ್ಟ. ವೈರುಗಳನ್ನು ಅಂಚಿಗೆ ಸರಿಸಿ ಕಟ್ಟಿದ. ಈಗ ನಡುವೆ ಗಾಳಿ ಹಾಯುವಷ್ಟು ಜಾಗವಾಯಿತು. ಮುಚ್ಚಳ ಒತ್ತದೆಯೇ ಕೂತಿತು.

ಎರಡು ದಿನದ ಮೇಲೆ ಮತ್ತೆ ಎಲ್ಲರೂ ಸೇರಿದರು. ಫಕೀರವ್ವ ಬರಲೊಲ್ಲೆ ಅಂದಳು. ಇಂದುಧರನೇ ಹೋಗಿ ಕೈಹಿಡಿದು ಕರೆತಂದ.

ಕಸ್ತೂರಿ ಹಾರ್ಮೋನಿಯಂ ಮುಂದೆ ಕೂತಳು. ಮೈಕಿನಿಂದ ಮುಖ ಸರಿಸಿದಳು. ಪಡಸಾಲೆಯಲ್ಲಿ ಅವಳ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ನಮ್ಮಕ್ಕ ಬಂದಾಳೇನು ನೋಡ್ರಿ," ಅಂದಳು ಕಸ್ತೂರಿ. "ಇಲ್ಲೇನು? ಇರಲಿ. ಇದು ಅಕಿ ಕಲಿಸಿದ ಹಾಡು. ತಪ್ಪಿದರ ಅಕಿಗೆ ಹೇಳಬ್ಯಾಡ್ರಿ."

ಆಮೇಲೆ ಹಾಡಿದಳು.

ಫಕೀರವ್ವ ಅಲುಗಲಿಲ್ಲ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹಾಡು ಮುಗಿಯಿತು.

"ಎರಡು ಕಡೆ ತಪ್ಪ್ಯಾಳ," ಅಂದಳು ಫಕೀರವ್ವ. ಅವಳ ಮುಖವೆಲ್ಲ ನಗುತ್ತಿತ್ತು. "ಇನ್ನೊಮ್ಮೆ ಹಾಕಪ್ಪಾ."

ಆ ಸಂಜೆ ನಾಲ್ಕು ಸಲ ಹಾಕಿದರು. ಕೊನೆಯ ಸಲ ಅವಳೂ ಒಡಕು ದನಿಯಲ್ಲಿ ಜೊತೆಗೂಡಿದಳು. ಇಂದುಧರ ಗೋಡೆಗೆ ಒರಗಿ ನಿಲ್ಲುವುದನ್ನು ಮರೆತು, ಎಲ್ಲರ ನಡುವೆ ನೆಲದ ಮೇಲೆ ಕೂತಿದ್ದ.

ಬೆಳಿಗ್ಗೆ ಹೊಳೆಯಲ್ಲಿ ಮಿಂದು ಬರುವಾಗ ಅವನು ಗುರುಗಳ ಜೊತೆ ಹೆಜ್ಜೆ ಹಾಕಿದ. ಮನಸ್ಸು ಹಗುರವಾಗಿತ್ತು. ಆದರೂ ಒಂದು ಮಾತು ಉಳಿದಿತ್ತು.

"ಗುರುಗಳೇ, ಅರ್ಧ ಪೆಟ್ಟಿಗಿ ಖಾಲಿ ಐತಿ. ನಮ್ಮ ಕಸುಬಿನವರು ಯಾರರ ಬಂದು ಬಿಚ್ಚಿ ನೋಡಿದರ ನಗತಾರ. ಇಂದುಧರಗ ತುಂಬಾಕ ಬರಲಿಲ್ಲ ಅಂತಾರ."

"ಅನ್ನಲಿ," ಅಂದರು ಗುರುಗಳು. "ಆ ಮಾತನ್ನ ತಂದು ಆ ಖಾಲಿ ಜಾಗದಾಗ ತುಂಬಬ್ಯಾಡ."