ಗಣಪಿಯ ಹಗ್ಗ ಮತ್ತು ಅಳಿವೆಯ ಮೂರು ಸಸಿಗಳು

ಉಪ್ಪಟ್ಟಿಯ ಎಲೆಯನ್ನು ನೆಕ್ಕಿದರೆ ನಾಲಿಗೆಗೆ ಉಪ್ಪು ಹತ್ತುತ್ತದೆ.

ಕಾಂಡ್ಲಾದ ಎಲೆಯ ಮೇಲೆ ಉಪ್ಪು ಕೂರುವುದಿಲ್ಲ.

ಹೊಳೆಚುಳ್ಳಿ ಮರಗಳ ನೆರಳಿನಲ್ಲೂ ಬದುಕುತ್ತದೆ. ಅದೇ ನೆರಳಿನಲ್ಲಿ ಉಪ್ಪಟ್ಟಿಯ ಸಸಿ ಸೊರಗುತ್ತದೆ.

ಈ ಮೂರು ಗಿಡಗಳೂ ಬೆಳೆಯುವುದು ಅಳಿವೆಯಲ್ಲಿ, ಹೊಳೆ ಕಡಲನ್ನು ಸೇರುವ ಕೆಸರಿನಲ್ಲಿ. ಆದರೂ ಮೂರೂ ಒಂದೇ ಅಲ್ಲ. ಇದನ್ನು ಇನ್ನೆಷ್ಟು ಸಲ ಹೇಳಬೇಕೋ ತಿಳಿಯದು. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಭೂಮಿಯ ಕೆಸರು ಇನ್ನೂ ಆರಿರದ ಕಾಲ. ಅಳಿವೆಯ ದಡದಲ್ಲಿ ಗಣಪಿ ಎಂಬ ಹೆಂಗಸು ಗದ್ದೆ ಮಾಡಿಕೊಂಡಿದ್ದಳು. ಗದ್ದೆಗೂ ಕಡಲಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ಕಟ್ಟೆ ಮಾತ್ರ. ಪ್ರತಿ ಉಬ್ಬರವೂ ಅದರಿಂದ ಒಂದು ತುತ್ತು ಕಚ್ಚಿಕೊಂಡು ಹೋಗುತ್ತಿತ್ತು. ಕಟ್ಟೆ ಹೋದರೆ ಉಪ್ಪುನೀರು ನುಗ್ಗುತ್ತದೆ. ಗದ್ದೆಯೂ ಇಲ್ಲ, ಮಕ್ಕಳಿಗೆ ಗಂಜಿಯೂ ಇಲ್ಲ.

ಗಣಪಿ ಕಾಡಿಗೆ ಹೋಗಿ, ಉಪ್ಪಿಗೆ ಹೆದರದವರು ಯಾರಾದರೂ ಕಟ್ಟೆ ಕಾಯಲು ಬರುತ್ತೀರಾ ಎಂದು ಕೇಳಿದಳು. ಉಪ್ಪಟ್ಟಿ, ಕಾಂಡ್ಲಾ, ಹೊಳೆಚುಳ್ಳಿ ಒಪ್ಪಿದವು. ತಮ್ಮ ಸಸಿಗಳನ್ನು ಅವಳೊಡನೆ ಕಳಿಸಿದವು.

ಅವಳಿಗೆ ಗೊತ್ತಿದ್ದದ್ದು ಭತ್ತದ ನಾಟಿ. ಕಟ್ಟೆಯ ಮುಂದಿನ ಕೆಸರಿನಲ್ಲಿ ಹಗ್ಗ ಎಳೆದು, ಸಾಲು ಹಿಡಿದು, ಗೇಣಿಗೊಂದರಂತೆ ಮೂರನ್ನೂ ಬೆರೆಸಿ ನೆಟ್ಟಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.

ಸಸಿಗಳು ಸತ್ತವು.

ಹಗ್ಗ ಸಡಿಲವಾಗಿತ್ತೇನೋ ಎಂದುಕೊಂಡು, ಬಿಗಿಯಾಗಿ ಎಳೆದು, ಕಾಡಿನಿಂದ ಬೇರೆ ಸಸಿಗಳನ್ನು ತಂದು ಮತ್ತೆ ನೆಟ್ಟಳು.

ಸಸಿಗಳು ಮತ್ತೆ ಸತ್ತವು. ಹೊಳೆ ನಿಟ್ಟುಸಿರು ಬಿಟ್ಟಿತು. ಗಾಳಿ ಮುಖ ತಿರುಗಿಸಿತು.

ಅಮಾವಾಸ್ಯೆಯ ದೊಡ್ಡ ಉಬ್ಬರ ಹತ್ತಿರವಾಗಿತ್ತು. ಕಟ್ಟೆಯಲ್ಲಿ ಒಂದು ಪಾದ ಇಡುವಷ್ಟು ಅಗಲ ಉಳಿದಿತ್ತು. ಗಣಪಿ ಮತ್ತೂ ಹೊಸ ಸಸಿಗಳನ್ನು ತಂದಿಟ್ಟು ಹಗ್ಗ ಬಿಚ್ಚುತ್ತಿರುವುದನ್ನು ಕಂಡು, ಬಿಲದಿಂದ ಏಡಿಯೊಂದು ಹೊರಗೆ ಬಂತು.

“ಅಕ್ಕ, ನನ್ನ ಮನೆಯ ಬಾಗಿಲನ್ನು ತುಳಿದದ್ದು ಇದು ಎಷ್ಟನೆಯ ಸಲ? ಅದಿರಲಿ. ಏನು ಬೇಕೆಂದು ಇವುಗಳನ್ನು ಕೇಳಿದೆಯಾ?”

“ಸಸಿಯನ್ನು ಕೇಳುವುದೇನು? ನೆಡುವುದು.”

“ಹಾಗಾದರೆ ನೆಡು. ನಾನು ಬೇರೆ ಮನೆ ನೋಡಿಕೊಳ್ಳುತ್ತೇನೆ.”

ಗಣಪಿ ಕಟ್ಟೆಯನ್ನು ನೋಡಿದಳು. ಹಗ್ಗವನ್ನು ಕೆಳಗಿಟ್ಟಳು. ಕೇಳಿದಳು.

ಉಪ್ಪು ಎಷ್ಟಿದ್ದರೂ ಕುಡಿದು ಎಲೆಯಿಂದ ಹೊರಹಾಕುತ್ತೇನೆ, ಆದರೆ ತಲೆಯ ಮೇಲೆ ಯಾರನ್ನೂ ನಿಲ್ಲಿಸಬೇಡ ಎಂದಿತು ಉಪ್ಪಟ್ಟಿ. ಉಪ್ಪನ್ನು ಬೇರಿನ ಬಾಗಿಲಲ್ಲೇ ತಡೆಯುತ್ತೇನೆ, ಎಳೆತನದಲ್ಲಿ ತುಸು ನೆರಳಿದ್ದರೂ ಸರಿ, ಬೇರಿನ ಕಾಲುಗಳನ್ನು ಊರಲು ಮಾತ್ರ ಜಾಗ ಬೇಕು ಎಂದಿತು ಕಾಂಡ್ಲಾ. ನೆರಳು ನನಗೆ ತೊಂದರೆಯಲ್ಲ, ಹೊಳೆಯ ಸಿಹಿನೀರು ತಾಗುವ ಕಡೆ ಬಿಡು ಎಂದಿತು ಹೊಳೆಚುಳ್ಳಿ.

“ಇಷ್ಟು ದಿನ ಹೇಳಲಿಲ್ಲ ಯಾಕೆ?” ಎಂದಳು ಗಣಪಿ.

“ನೀನು ಕೇಳಲಿಲ್ಲ,” ಎಂದವು ಮೂರೂ.

ಉಪ್ಪಟ್ಟಿ ಕಡಲಿನ ಕಡೆಯ ಬಯಲು ಬಿಸಿಲಿಗೆ ಹೋಯಿತು. ಕಾಂಡ್ಲಾ ಅದರ ಹಿಂದೆ ಕೆಸರಿನಲ್ಲಿ ಕಾಲೂರಿತು. ಹೊಳೆಚುಳ್ಳಿ ಎಲ್ಲಕ್ಕಿಂತ ಹಿಂದೆ, ಹೊಳೆಯ ಪಕ್ಕದ ನೆರಳನ್ನು ಸೇರಿತು. ಸಾಲೂ ಇಲ್ಲ, ಅಳತೆಯೂ ಇಲ್ಲ. ಆಗಿನ ಸಸಿಗಳು ಬೇಗ ಬೆಳೆಯುತ್ತಿದ್ದವು.

ಅಮಾವಾಸ್ಯೆಯ ಉಬ್ಬರ ಬಂತು. ಉಪ್ಪಟ್ಟಿಯ ಬೇರುಗಳು ಅದನ್ನು ಎಡವಿಸಿದವು. ಕಾಂಡ್ಲಾದ ಕಾಲುಗಳು ಅದನ್ನು ಸೀಳಿದವು. ಹೊಳೆಚುಳ್ಳಿಯ ಮುಳ್ಳು ದಾಟುವ ಹೊತ್ತಿಗೆ ಅದಕ್ಕೆ ಕಚ್ಚುವ ಶಕ್ತಿ ಉಳಿದಿರಲಿಲ್ಲ. ಹೊತ್ತು ತಂದ ಹೂಳನ್ನು ಕಟ್ಟೆಯ ಬುಡದಲ್ಲಿ ಇಳಿಸಿ ಹಿಂದಿರುಗಿತು. ಗದ್ದೆ ಉಳಿಯಿತು.

ಅದಕ್ಕೇ ಮಗು, ಇಂದೂ ನೀನು ಅಳಿವೆಗೆ ಹೋದರೆ ಬಯಲಿನಲ್ಲಿ ಉಪ್ಪಟ್ಟಿ ಎಲೆಯ ಮೇಲೆ ಉಪ್ಪು ಹೊತ್ತಿರುತ್ತದೆ, ಕಾಂಡ್ಲಾ ಹಲವು ಕಾಲುಗಳ ಮೇಲೆ ನಿಂತಿರುತ್ತದೆ, ಹೊಳೆಚುಳ್ಳಿ ನೆರಳಿನಲ್ಲಿ ನೀಲಿ ಹೂವು ಬಿಟ್ಟಿರುತ್ತದೆ.

ಓದಿದವರು ಇದನ್ನು ಇನ್ನೊಬ್ಬರಿಗೆ ದಾಟಿಸಬೇಕೆಂದು ಕೋರುತ್ತೇನೆ. ಪ್ರತಿ ಮಳೆಗಾಲದಲ್ಲೂ ಅಳಿವೆಗೆ ಸಸಿ ನೆಡಲು ಯಾರಾದರೂ ಹಗ್ಗ ಹಿಡಿದು ಬರುತ್ತಾರೆ. ಮೊದಲು ಅವರಿಗೆ ಹೇಳಿ.